ಮನೆಯೊಳಗಿನ ಗೋದಲಿ (ಲೂಕ 2:1-20)

ಹಿಂದೆ ಕೂತಿರೋರು ಸ್ವಲ್ಪ ಮುಂದೆ ಬನ್ನಿ, ಇಲ್ಲಿ ಜಾಗ ಇದೆ. ಡ್ಯೂಟಿ ಮುಗಿಸಿ ಲೇಟಾಗಿ ಬರೋರಿಗೆ ಬಾಗಿಲ ಹತ್ತಿರದ ಕುರ್ಚಿಗಳು ಇರಲಿ.

ಬೈಬಲ್ ತೆಗೀರಿ. ಫೋನ್‌ನಲ್ಲಿ ಓದೋರು ಫೋನ್‌ನಲ್ಲೇ ತೆಗೀರಿ, ಆದ್ರೆ ಡೇಟಾ ಆಫ್ ಮಾಡಿ. ಲೂಕನ ಸುವಾರ್ತೆ ಎರಡನೇ ಅಧ್ಯಾಯ, 1ರಿಂದ 20ನೇ ವಚನದವರೆಗೆ. ಒಬ್ಬೊಬ್ಬರು ಒಂದೊಂದು ವಚನ ಜೋರಾಗಿ ಓದೋಣ.

(ವಾಕ್ಯ ಓದಲಾಯಿತು.)

ಆಮೆನ್. ಡಿಸೆಂಬರ್ ಬಂತು ಅಂದ್ರೆ ನಮಗೆಲ್ಲ ಚರ್ಚಿನಲ್ಲೇ ಕ್ರಿಸ್ಮಸ್. ಕ್ಯಾರಲ್ಸ್ ರೌಂಡ್ಸ್, ಸ್ಕಿಟ್ ಪ್ರಾಕ್ಟೀಸ್, ಡೆಕೋರೇಷನ್, ಕೀಬೋರ್ಡ್ ಯಾರು ತರ್ತಾರೆ, ಕೇಕ್ ಎಷ್ಟು ಕೆಜಿ. ಮನೆಗೆ ಹೋಗೋದು ನಿದ್ದೆಗೆ ಮಾತ್ರ. ಅದಕ್ಕೇ ಈ ವರ್ಷ ನಾನು ಬೇಕಂತಲೇ ಮನೆ ವಿಷಯ ತಗೊಂಡಿದ್ದೀನಿ. ಈ ಕಥೆಯನ್ನ ನಮ್ಮ ಮನೆಯಲ್ಲಿ, ನಮ್ಮ ಬಾಡಿಗೆ ರೂಮಿನಲ್ಲಿ, ನಮ್ಮ ಪಿಜಿಯಲ್ಲಿ ಕೂತು ಓದಿದ್ರೆ ಅದು ನಮಗೆ ಏನು ಹೇಳುತ್ತೆ?

ಮೊದಲು ಒಂದು ಪ್ರಶ್ನೆ ಬೇಗ ಮುಗಿಸಿಬಿಡ್ತೀನಿ, ಯಾಕಂದ್ರೆ ಪ್ರತಿ ಡಿಸೆಂಬರ್ ಇದೇ ವಾಟ್ಸಾಪ್ ಬರುತ್ತೆ. "ಪಾಸ್ಟರ್, ಮನೆಯಲ್ಲಿ ಗೋದಲಿ ಮಾಡಿ ಇಡಬಹುದಾ? ಅದು ವಿಗ್ರಹ ಅಲ್ವಾ?" ನೋಡಿ, 1223ರಲ್ಲಿ ಇಟಲಿಯ ಗ್ರೆಚ್ಚೋ ಅನ್ನೋ ಊರಲ್ಲಿ ಅಸ್ಸೀಸಿಯ ಫ್ರಾನ್ಸಿಸ್ ಒಂದು ಗೋದಲಿ, ಹುಲ್ಲು, ನಿಜವಾದ ಎತ್ತು, ಕತ್ತೆ ಎಲ್ಲ ತಂದು ನಿಲ್ಲಿಸಿದರು. ಸಾಮಾನ್ಯ ಜನ ಬೇತ್ಲೆಹೇಮನ್ನ ಕಣ್ಣಾರೆ ನೋಡ್ಲಿ ಅನ್ನೋದು ಅವರ ಆಸೆ. ಗೋದಲಿ ಕಟ್ಟೋ ಪದ್ಧತಿ ಊರೂರಿಗೆ ಹರಡಿದ್ದು ಅದಾದ ಮೇಲೆ. ಡಿಸೆಂಬರ್ 25 ಅನ್ನೋ ತಾರೀಕೂ ಬೈಬಲ್‌ನಲ್ಲಿಲ್ಲ, ರೋಮ್‌ನಲ್ಲಿ 336ರ ಹೊತ್ತಿಗೆ ಆಚರಿಸ್ತಿದ್ರು ಅಂತ ಹಳೇ ದಾಖಲೆ ಇದೆ. ಗೊಂಬೆಗೆ ಕೈ ಮುಗಿಯಬೇಡಿ, ಅಷ್ಟೇ. ಮಕ್ಕಳಿಗೆ ಕಥೆ ಹೇಳೋಕೆ ಇಡ್ತೀರಾ, ಇಡಿ. ಇಡಲ್ವಾ, ಇಟ್ಟವರ ಮನೆಗೆ ಹೋಗಿ ಮುಖ ಸಿಂಡರಿಸಬೇಡಿ. ಇದರ ಮೇಲೆ ಗ್ರೂಪಿನಲ್ಲಿ ರಾತ್ರಿ ಒಂದು ಗಂಟೆವರೆಗೆ ಜಗಳ ಆಡೋ ಶಕ್ತಿ ಇದ್ರೆ ಆ ಶಕ್ತಿಯಲ್ಲಿ ಲೂಕ ಒಂದನೇ ಅಧ್ಯಾಯ ಓದಿ. ಅದು 80 ವಚನ ಇದೆ, ಸಾಕಷ್ಟು ಸಮಯ ಹಿಡಿಯುತ್ತೆ.

ಈಗ ವಾಕ್ಯಕ್ಕೆ ಬರೋಣ. ಏಳನೇ ವಚನ. ಮರಿಯಳು ಚೊಚ್ಚಲ ಮಗನನ್ನ ಹೆತ್ತು, ಬಟ್ಟೆಯಲ್ಲಿ ಸುತ್ತಿ, ಗೋದಲಿಯಲ್ಲಿ ಮಲಗಿಸ್ತಾಳೆ. ಕಾರಣ ಏನು? ಛತ್ರದಲ್ಲಿ ಸ್ಥಳ ಇರಲಿಲ್ಲ. ಸಂಡೇ ಸ್ಕೂಲ್ ಸ್ಕಿಟ್ ನೆನಪು ಮಾಡ್ಕೊಳ್ಳಿ. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಹುಡುಗ ಬಾಗಿಲು ತೆಗೆದು "ಜಾಗ ಇಲ್ಲ, ಹೋಗಿ ಹೋಗಿ" ಅಂತ ಗದರಿಸ್ತಾನೆ. ಆ ಛತ್ರದವನ ಪಾತ್ರ ಯಾರಿಗೂ ಬೇಡ, ಕೊನೆಗೆ ಯಾರಾದ್ರೂ ದಪ್ಪಗಿರೋ ಹುಡುಗನಿಗೆ ಕೊಡ್ತೀವಿ. ಈಗ ಹುಡುಕಿ, ನಿಮ್ಮ ಬೈಬಲ್ ತೆರೆದೇ ಇದೆ. ಲೂಕನಲ್ಲಿ ಆ ಛತ್ರದವನು ಎಲ್ಲಿದ್ದಾನೆ? ಇಲ್ಲ. ಒಂದು ಮಾತೂ ಆಡಲ್ಲ, ಅವನೇ ಇಲ್ಲ. ಬಾಗಿಲು ತಟ್ಟಿದ್ದೂ ಇಲ್ಲ. ಅಷ್ಟೇ ಅಲ್ಲ, ಆರನೇ ವಚನ ನಿಧಾನವಾಗಿ ಓದಿ. ಅವರು ಅಲ್ಲಿ ಇದ್ದಾಗ ಹೆರಿಗೆಯ ದಿನ ತುಂಬಿತು ಅಂತಿದೆ. ಊರಿಗೆ ಕಾಲಿಟ್ಟ ರಾತ್ರಿಯೇ ಹೆರಿಗೆ ಆಯ್ತು ಅಂತ ಲೂಕ ಹೇಳಿಲ್ಲ.

ಬೈಬಲ್ ಕಾಲೇಜಿನಲ್ಲಿ ನಾನು ಕಲಿತ ಗ್ರೀಕ್ ಬಹಳ ಸ್ವಲ್ಪ, ಪರೀಕ್ಷೆ ಪಾಸಾಗೋಷ್ಟು. ಆದ್ರೆ ಈ ಒಂದು ಪದ ನೀವೂ ಕಲೀಬೇಕು. ಇಲ್ಲಿ ಲೂಕ ಬಳಸಿರೋ ಪದ ಕತಾಲುಮ. ತಂಗುವ ಜಾಗ, ಅತಿಥಿಗಳ ಕೋಣೆ ಅಂತ ಅರ್ಥ. ಇದೇ ಪದವನ್ನ ಲೂಕ ಇನ್ನೊಂದು ಕಡೆ ಬಳಸ್ತಾನೆ, 22:11. ಯೇಸು ಸ್ವಾಮಿ ಶಿಷ್ಯರ ಜೊತೆ ಪಸ್ಕದ ಊಟ ಮಾಡೋಕೆ ಕೋಣೆ ಎಲ್ಲಿದೆ ಅಂತ ಆ ಮನೆಯ ಯಜಮಾನನನ್ನ ಕೇಳಿಸ್ತಾರಲ್ಲ, ಅಲ್ಲಿ. ಅದು ಛತ್ರ ಅಲ್ಲ, ಒಂದು ಮನೆಯಲ್ಲಿದ್ದ ಕೋಣೆ. ಹಾಗಾದ್ರೆ ದುಡ್ಡು ಕೊಟ್ಟು ಇಳ್ಕೊಳ್ಳೋ ಛತ್ರಕ್ಕೆ ಲೂಕನ ಹತ್ರ ಬೇರೆ ಪದ ಇತ್ತಾ? ಇತ್ತು. ಒಳ್ಳೇ ಸಮಾರ್ಯದವನ ಸಾಮ್ಯದಲ್ಲಿ, 10:34ರಲ್ಲಿ, ಪಂದೊಕೆಯಿಯೊನ್ ಅನ್ನೋ ಬೇರೆ ಪದ ಹಾಕಿದ್ದಾನೆ. ಅಲ್ಲಿ ಛತ್ರದವನೂ ಇದ್ದಾನೆ, ದುಡ್ಡೂ ಇಸ್ಕೊಳ್ತಾನೆ.

ಮಧ್ಯಪ್ರಾಚ್ಯದಲ್ಲಿ ಹಲವು ದಶಕ ಇದ್ದು ಪಾಠ ಹೇಳಿದ ಕೆನೆತ್ ಬೈಲಿ ಅನ್ನೋ ವಿದ್ವಾಂಸರು 2008ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನ ವಿವರವಾಗಿ ತೋರಿಸ್ತಾರೆ. ಆ ಕಾಲದ ಹಳ್ಳಿ ಮನೆಯಲ್ಲಿ ಕುಟುಂಬ ಇರೋದಕ್ಕೆ ಒಂದೇ ದೊಡ್ಡ ಕೋಣೆ. ಅದರ ಒಂದು ತುದಿ ತಗ್ಗು, ರಾತ್ರಿ ದನ, ಕತ್ತೆ, ಒಂದೆರಡು ಕುರಿ ಒಳಗೆ ತಂದು ಕಟ್ಟೋದು ಅಲ್ಲಿ. ಎತ್ತರದ ಭಾಗದಲ್ಲಿ ಮನೆಯವರು ಅಡುಗೆ, ಊಟ, ನಿದ್ದೆ. ಎರಡರ ಮಧ್ಯೆ ಅಂಚಿನಲ್ಲಿ ಗೋದಲಿ. ಕೆಲವರಿಗೆ ಪಕ್ಕದಲ್ಲೋ ಮೇಲ್ಗಡೆಯೋ ಅತಿಥಿಗಳಿಗೆ ಒಂದು ಕೋಣೆ. ಎಲ್ಲ ಪಂಡಿತರೂ ಇದನ್ನ ಒಪ್ಪಿದ್ದಾರೆ ಅಂತ ನಾನು ಹೇಳಲ್ಲ. ಗವಿ ಅಂತ ಹೇಳೋ ಸಂಪ್ರದಾಯವೂ ಬಹಳ ಹಳೇದು, ಎರಡನೇ ಶತಮಾನದಲ್ಲೇ ಇತ್ತು. ಬೇತ್ಲೆಹೇಮಿನ ದೊಡ್ಡ ದೇವಾಲಯ ನಿಂತಿರೋದೂ ಒಂದು ಗವಿಯ ಮೇಲೇ. ಆದ್ರೆ ಅಲ್ಲಿ ಗವಿಗೆ ಸೇರಿಸಿ ಮನೆ ಕಟ್ಟಿಕೊಳ್ಳೋದೂ ಇತ್ತು, ಹಾಗಾಗಿ ಗವಿ ಅಂದ ಮಾತ್ರಕ್ಕೆ ಮನೆ ಅಲ್ಲ ಅಂತ ಆಗಲ್ಲ.

ಮನೆ ಒಳಗೆ ದನ ಅಂದ ತಕ್ಷಣ ಇಲ್ಲಿ ಯಾರೋ ಮೂಗು ಮುಚ್ಕೊಂಡ್ರು, ನಾನು ನೋಡಿದೆ. ಅಪಾರ್ಟ್‌ಮೆಂಟ್ ಮಕ್ಕಳು! ನಮ್ಮಜ್ಜಿ ಊರು ಹಾವೇರಿ ಕಡೆ. ಅಲ್ಲಿ ಹಳೇ ಮನೆಗಳಿಗೆ ಹೋಗಿ ನೋಡಿ. ಮುಂಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದಂದಕ್ಕಿ, ಅಂದ್ರೆ ದನ ಕಟ್ಟೋ ಜಾಗ. ಎರಡು ಮೆಟ್ಟಿಲು ಹತ್ತಿದ್ರೆ ಪಡಸಾಲಿ. ನಮ್ಮಜ್ಜಿ ಪಡಸಾಲಿ ಅಂಚಿನಲ್ಲಿ ಮಲಗಿರೋಳು, ರಾತ್ರಿ ಎಮ್ಮೆ ಸ್ವಲ್ಪ ಮಿಸುಕಾಡಿದ್ರೂ ಎಚ್ಚರ. ಗೋದಲಿಗೆ ಅವರು ಗ್ವಾದಲಿ ಅನ್ನೋರು. ನಮ್ಮಜ್ಜಿಗೆ ಲೂಕ 2:7 ಓದಿ ಹೇಳಿದ್ರೆ "ಮನ್ಯಾಗ ಹಡದಾಳ, ಕೂಸಿನ್ನ ಗ್ವಾದಲ್ಯಾಗ ಮಲಗಿಸ್ಯಾಳ" ಅಂತ ಒಂದೇ ಸಲಕ್ಕೆ ಅರ್ಥ ಆಗ್ತಿತ್ತು. ಊರಾಚೆ ಒಂಟಿ ಕೊಟ್ಟಿಗೆ ಅವಳಿಗೆ ಹೊಳೀತಾನೇ ಇರಲಿಲ್ಲ. ಬೈಬಲ್‌ನಲ್ಲೂ ನೋಡಿ, 1 ಸಮುವೇಲ 28:24ರಲ್ಲಿ ಆ ಹೆಂಗಸಿನ ಕೊಬ್ಬಿದ ಕರು ಇದ್ದದ್ದು ಮನೆಯಲ್ಲೇ.

ಹಾಗಾದ್ರೆ ಚಿತ್ರ ಹೇಗೆ ಬದಲಾಗುತ್ತೆ? ಯೋಸೇಫ ದಾವೀದನ ವಂಶದವನು, ಬೇತ್ಲೆಹೇಮು ಅವನ ವಂಶದ ಊರು. ಚಕ್ರವರ್ತಿಯ ಖಾನೇಷುಮಾರಿಗೆ ಎಲ್ಲರೂ ಬಂದಿದ್ದಾರೆ. ಯಾವುದೋ ಒಂದು ಮನೆ, ಬಹುಶಃ ನೆಂಟರ ಮನೆ, ಅವರನ್ನ ಒಳಗೆ ಕರ್ಕೊಂಡಿದೆ. ಅತಿಥಿಗಳ ಕೋಣೆ ಆಗಲೇ ಭರ್ತಿ. ಆ ಮನೆಯವರು "ಕೋಣೆ ತುಂಬಿದೆ, ಬೇರೆ ಕಡೆ ನೋಡ್ಕೊಳ್ಳಿ" ಅನ್ನಲಿಲ್ಲ. ತಾವು ಉಣ್ಣೋ, ಮಲಗೋ ಕೋಣೆಗೇ ಕರ್ಕೊಂಡ್ರು. ತೊಟ್ಟಿಲು ಇರಲಿಲ್ಲ, ಗೋದಲಿಗೆ ಹುಲ್ಲು ಹಾಸಿದ್ರು. ಕುರಿ ಕಾಯೋರು ಬಂದಾಗಲೂ ಅಷ್ಟೇ. ಬಾಣಂತಿ ಬೀದಿಯಲ್ಲೋ ಹಾಳು ಕೊಟ್ಟಿಗೆಯಲ್ಲೋ ನರಳ್ತಿದ್ದಿದ್ರೆ ಅವರು ನೋಡಿ, ದೇವರಿಗೆ ಸ್ತೋತ್ರ ಮಾಡ್ತಾ ಸುಮ್ಮನೆ ವಾಪಸ್ ಹೋಗ್ತಿದ್ರಾ? "ನಡಿಯಮ್ಮ ನಮ್ಮನೆಗೆ" ಅಂತ ಎಬ್ಬಿಸಿ ಕರ್ಕೊಂಡು ಹೋಗ್ತಿದ್ರು.

ದೇವರ ಮಗ ಈ ಲೋಕಕ್ಕೆ ಬಂದಾಗ ಸಿಕ್ಕಿದ್ದು ಒಂದು ಸ್ಪೆಷಲ್ ರೂಮ್ ಅಲ್ಲ. ಎಲ್ಲರೂ ಓಡಾಡೋ, ಹೊಗೆ ತುಂಬಿರೋ, ಯಾರದೋ ಗೊರಕೆ ಕೇಳಿಸೋ ನಡುಮನೆ. ಹಲ್ಲೆಲೂಯ!

ಇದು ಯಾಕೆ ಮುಖ್ಯ ಅಂದ್ರೆ, ನಮ್ಮಲ್ಲಿ ಬಹಳ ಜನಕ್ಕೆ ಒಂದು ಯೋಚನೆ ಇದೆ. ಆತ್ಮಿಕ ಜೀವನ ಅಂದ್ರೆ ಬಾಗಿಲು ಹಾಕಿಕೊಳ್ಳೋಕೆ ಒಂದು ಕೋಣೆ, ಮಂದ ಬೆಳಕು, ಹಿಂದೆ ವರ್ಷಿಪ್ ಮ್ಯೂಸಿಕ್, ಯಾರೂ ಡಿಸ್ಟರ್ಬ್ ಮಾಡಬಾರದು. ರಹಸ್ಯ ಪ್ರಾರ್ಥನೆ ಬೇಕು, ಸ್ವಾಮಿಯೇ ಕಲಿಸಿದ್ದು, ಅದನ್ನ ನಾನು ತಳ್ಳಿ ಹಾಕ್ತಿಲ್ಲ. ಆದ್ರೆ ಅಂಥ ಕೋಣೆ ಇಲ್ಲದವರ ಮನೆಗೆ ಕರ್ತನು ಬರೋದೇ ಇಲ್ವಾ?

ಒಂದು ಅಧ್ಯಾಯ ಹಿಂದಕ್ಕೆ ಹೋಗಿ. ಜಕರೀಯನಿಗೆ ದೇವದೂತ ಕಾಣಿಸಿದ್ದು ಎಲ್ಲಿ? ದೇವಾಲಯದಲ್ಲಿ, ಧೂಪವೇದಿಯ ಹತ್ರ. ಅದಕ್ಕಿಂತ ಒಳ್ಳೇ ವಾತಾವರಣ ಬೇಕಾ? ಅಲ್ಲಿ ಅವನು ನಂಬದೆ ಹೋದ, ಮೂಕನಾಗಿ ಹೊರಗೆ ಬಂದ. ಈಗ 1:40, 41 ನೋಡಿ. ಮರಿಯಳು ಯೂದಾಯದ ಬೆಟ್ಟದ ಸೀಮೆಗೆ ಬಂದು, ಆ ಮನೆಯೊಳಗೆ ಹೋಗಿ ಎಲಿಸಬೇತಳಿಗೆ ವಂದನೆ ಹೇಳ್ತಾಳೆ. ಅಷ್ಟೇ. ಉಪವಾಸ ಕೂಟ ಇಲ್ಲ, ಕೈ ಇಟ್ಟು ಪ್ರಾರ್ಥನೆ ಮಾಡೋರಿಲ್ಲ. ಬಾಗಿಲಲ್ಲಿ ಒಂದು "ಅಕ್ಕಾ, ಹೇಗಿದ್ದೀರಾ?" ಕೂಸು ಗರ್ಭದಲ್ಲಿ ನಲಿದಾಡಿತು, ಎಲಿಸಬೇತಳು ಪವಿತ್ರಾತ್ಮಭರಿತಳಾದಳು! ಲೂಕನ ಸುವಾರ್ತೆಯಲ್ಲಿ ದೊಡ್ಡವರೊಬ್ಬರು ಪವಿತ್ರಾತ್ಮಭರಿತರಾದ ಮೊದಲ ಘಟನೆ ಇದು. ನಡೆದದ್ದು ಒಂದು ಮನೆಯಲ್ಲಿ, ಇಬ್ಬರು ಬಸುರಿ ಹೆಂಗಸರ ಮಧ್ಯೆ. ಮನೆ ಯಜಮಾನ ಪಾಪ ಮಾತಾಡೋಕಾಗದೆ ಪಕ್ಕದಲ್ಲೇ ಎಲ್ಲೋ ಇದ್ದಿರಬೇಕು. ಇದೇ ಲೂಕ ಅಪೊಸ್ತಲರ ಕೃತ್ಯಗಳಲ್ಲಿ ಪಂಚಾಶತ್ತಮ ದಿನದ ವಿಷಯ ಬರೀವಾಗ, 2:2ರಲ್ಲಿ, ಬಿರುಗಾಳಿಯಂಥ ಶಬ್ದ ತುಂಬಿಕೊಂಡದ್ದು ಅವರು ಕೂತಿದ್ದ ಮನೆಯನ್ನ ಅಂತಾನೇ ಹೇಳ್ತಾನೆ. ನಾವು ಪೆಂತೆಕೋಸ್ತಿನವರು ಆ ಅಧ್ಯಾಯವನ್ನ ಬಾಯಿಪಾಠ ಮಾಡಿದ್ದೀವಿ, ಆದ್ರೆ ಆ ಮನೆ ಅನ್ನೋ ಪದದ ಮೇಲೆ ಬೆರಳಿಟ್ಟು ನಿಲ್ಲೋದು ಕಮ್ಮಿ.

ಈಗ ಒಂದು ವಿಷಯ ಹೇಳ್ತೀನಿ. ಅವರ ಅನುಮತಿ ತಗೊಂಡೇ ಹೇಳ್ತಿದ್ದೀನಿ, ಯಾರು ಏನು ಅಂತ ಹುಡುಕೋಕೆ ಹೋಗಬೇಡಿ.

ಕೆಲವು ವಾರದ ಹಿಂದೆ ಒಬ್ಬ ತಮ್ಮ ಬಂದು ನನ್ನ ಜೊತೆ ಮಾತಾಡಿದ. ಒಂದು ಬೆಡ್‌ರೂಮ್ ಮನೆ, ಅಪ್ಪ, ಅಮ್ಮ, ಇವನು. ಇವನದು ವರ್ಕ್ ಫ್ರಮ್ ಹೋಮ್. ಅವನ ಅಕ್ಕ ಗಂಡನ ಮನೆಯಿಂದ ಎಂಟು ತಿಂಗಳ ಕೂಸನ್ನ ಎತ್ಕೊಂಡು ರಾತ್ರಿ ಹತ್ತೂವರೆಗೆ ಆಟೋದಲ್ಲಿ ಬಂದಿಳಿದಿದ್ದಾಳೆ. ಗಂಡ ಹೊಡೀತಾನೆ. ಮೊದಲ ಸಲ ಅಲ್ಲ. ಇವನು ನನ್ನ ಹತ್ರ ಕೇಳಿದ್ದು ಏನು ಗೊತ್ತಾ? "ಪಾಸ್ಟರ್, ಮನೇಲಿ ಪ್ರಾರ್ಥನೆಗೆ ಜಾಗನೇ ಇಲ್ಲ. ರಾತ್ರಿಯೆಲ್ಲ ಕೂಸು ಅಳುತ್ತೆ. ನನ್ನ ಸ್ಪಿರಿಚುವಲ್ ಲೈಫ್ ಕೆಳಗೆ ಹೋಗ್ತಿದೆ. ಪಿಜಿಗೆ ಶಿಫ್ಟ್ ಆಗಲಾ?" ಮಾತಾಡ್ತಾ ಮಾತಾಡ್ತಾ ಇನ್ನೊಂದು ವಿಷಯ ಹೊರಗೆ ಬಂತು. ಅಪ್ಪ ಆಗಲೇ ಅಳಿಯನಿಗೆ ಫೋನ್ ಮಾಡಿದ್ದಾರೆ. ಕ್ರಿಸ್ಮಸ್ ಒಳಗೆ ಅವಳನ್ನ ವಾಪಸ್ ಕಳಿಸ್ಬೇಕು, ಹಬ್ಬಕ್ಕೆ ನೆಂಟರು ಬಂದ್ರೆ ಏನು ಉತ್ತರ ಕೊಡೋದು, ಅದೂ ಅಲ್ಲದೆ ಮನೆಯಲ್ಲಿ ಜಾಗ ಇಲ್ಲ. ಅಮ್ಮ ಅಳ್ತಾರೆ, ಎದುರು ಮಾತಾಡಲ್ಲ. "ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅಂತ ವಾಕ್ಯ ಇದೆಯಲ್ಲ ಪಾಸ್ಟರ್" ಅಂತಾನೂ ಅಪ್ಪ ಹೇಳಿದ್ರಂತೆ.

ನಾನು ಆ ತಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರ ಮುಂದೆ ಹೇಳ್ತೀನಿ, ಯಾಕಂದ್ರೆ ಇಂಥದ್ದು ಒಂದೇ ಮನೆಯಲ್ಲಿ ನಡೀತಿಲ್ಲ.

ಮತ್ತಾಯ 2:13, 14 ತೆಗೀರಿ. ಜೋಯಿಸರು ಬಂದು ಹೋದ ಮೇಲೆ ಏನಾಯ್ತು? ದೇವದೂತ ಯೋಸೇಫನಿಗೆ ಕನಸಿನಲ್ಲಿ ಏನು ಹೇಳಿದ? ಇಲ್ಲೇ ಇರು, ಸಹಿಸ್ಕೋ, ನಾನು ಹೆರೋದನ ಮನಸ್ಸು ಬದಲಾಯಿಸ್ತೀನಿ ಅಂದನಾ? ಇಲ್ಲ. ಏಳು, ಕೂಸನ್ನೂ ತಾಯಿಯನ್ನೂ ಕರ್ಕೊಂಡು ಓಡಿಹೋಗು ಅಂದ. ಯೋಸೇಫ ಬೆಳಗಾಗೋದನ್ನ ಕಾಯಲಿಲ್ಲ, ರಾತ್ರಿಯೇ ಹೊರಟ. ಕೂಸಿನ ಜೀವ ಅಪಾಯದಲ್ಲಿದ್ದಾಗ ಆ ಮನೆ ಬಿಟ್ಟು ಹೊರಡು ಅಂತ ಹೇಳಿದ್ದು ದೇವರೇ. ಹೊಡೆತ ತಿನ್ನೋ ಜಾಗಕ್ಕೆ ವಾಪಸ್ ಹೋಗೋದು ವಿಶ್ವಾಸ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ, ಮತ್ತಾಯ 2:14ರ ಮೇಲೆ ಬೆರಳಿಟ್ಟು ತೋರಿಸಿ. ಎಫೆಸದ ಪತ್ರಿಕೆ ಐದನೇ ಅಧ್ಯಾಯ ಎತ್ತೋರು ಅದೇ ಅಧ್ಯಾಯದಲ್ಲಿ ಗಂಡಂದಿರಿಗೆ ಬರೆದಿರೋದನ್ನ ಪೂರ್ತಿ ಓದಲಿ. ಕ್ರಿಸ್ತನು ಸಭೆಯನ್ನ ಹೊಡೆದನಾ?

ಕಾನೂನೂ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. 181ಕ್ಕೆ ಫೋನ್ ಮಾಡಿದ್ರೆ ಮಹಿಳಾ ಸಹಾಯವಾಣಿ, ತುರ್ತಿಗೆ 112. ಸಭೆಯಲ್ಲಿ ಫೋನ್ ನಂಬರ್ ಹೇಳೋದಾ ಅಂತ ಅನ್ನಿಸಬಹುದು. ಹೇಳೋದೇ. ಬರ್ಕೊಳ್ಳಿ.

ಆ ತಮ್ಮನಿಗೆ ನಾನು ಇಷ್ಟು ಹೇಳಿದೆ: ನೀನು ಪಿಜಿಗೆ ಹೋದ್ರೆ ನಿನಗೆ ಜಾಗ ಸಿಗುತ್ತೆ, ಆದ್ರೆ ಆ ಮನೆಯಲ್ಲಿ ಅಕ್ಕನ ಪರ ಮಾತಾಡೋ ಒಂದೇ ಒಂದು ಬಾಯಿ ಕಮ್ಮಿ ಆಗುತ್ತೆ. ಲೂಕ 2ನ್ನ ಈ ವಾರ ಅಪ್ಪನ ಜೊತೆ ಕೂತು ಓದು. ಬೋಧನೆ ಮಾಡೋಕೆ ಹೋಗಬೇಡ, ಅವರು ನಿನ್ನ ಅಪ್ಪ. ಓದು, ಕೋಣೆ ಭರ್ತಿಯಾಗಿದ್ರೂ ಬಾಣಂತಿಗೆ ಜಾಗ ಮಾಡಿದ ಮನೆಯ ವಿಷಯ ಹೇಳು, ಸುಮ್ಮನಿರು. ಅವನು ಓದಿದ. ಅಪ್ಪ ಏನೂ ಮಾತಾಡಲಿಲ್ವಂತೆ, ಎದ್ದು ವಾಕಿಂಗ್ ಹೋದ್ರಂತೆ. ಇವನು ಈಗ ಅಡುಗೆಮನೆಯಲ್ಲಿ ಚಾಪೆ ಹಾಕಿ ಮಲಗ್ತಿದ್ದಾನೆ, ಅಕ್ಕ ಮತ್ತು ಕೂಸಿಗೆ ಅವನ ಜಾಗ. ನಡುರಾತ್ರಿ ಕೂಸು ಅತ್ತಾಗ ಎದ್ದು ಎತ್ಕೊಂಡು ಓಡಾಡ್ತಾ ಪ್ರಾರ್ಥನೆ ಮಾಡ್ತಾನಂತೆ. "ನಿದ್ದೆ ಇಲ್ಲ ಪಾಸ್ಟರ್, ಸ್ಟ್ಯಾಂಡಪ್ ಮೀಟಿಂಗಲ್ಲಿ ತೂಕಡಿಸ್ತೀನಿ" ಅಂದ. ಅಪ್ಪ ಇನ್ನೂ ಅಳಿಯನಿಗೆ ಖಡಾಖಂಡಿತವಾಗಿ ಇಲ್ಲ ಅಂತ ಹೇಳಿಲ್ಲ. ನಮ್ಮ ಸಭೆಯ ಇಬ್ಬರು ಹಿರಿಯ ಅಕ್ಕಂದಿರು ನಾಳೆ ಸಂಜೆ ಆ ಮನೆಗೆ ಹೋಗ್ತಿದ್ದಾರೆ. ಪ್ರಾರ್ಥನೆಯಲ್ಲಿ ಇಡಿ.

ಕೊನೆಯದಾಗಿ, ಮನೆಯಲ್ಲಿ ಈ ಕಥೆ ಓದೋದು ಹೇಗೆ ಅಂತ ಕೇಳಿದ್ರಿ. ಸುಲಭ. ರಾತ್ರಿ ಊಟ ಆದ ಮೇಲೆ, ತಟ್ಟೆ ಎತ್ತೋ ಮುಂಚೆ, ಒಬ್ಬರು ಜೋರಾಗಿ ಓದಿ. ಒಂದು ದಿನ ಲೂಕ 1:26ರಿಂದ 56. ಇನ್ನೊಂದು ದಿನ ಮತ್ತಾಯ 1:18ರಿಂದ, ಯೋಸೇಫ ಮರಿಯಳನ್ನ ಮನೆಗೆ ಸೇರಿಸಿಕೊಂಡ ಭಾಗ. ಆಮೇಲೆ ಲೂಕ 2. ಆಮೇಲೆ ಮತ್ತಾಯ 2, ಅಲ್ಲಿ 11ನೇ ವಚನದಲ್ಲಿ ಜೋಯಿಸರು ಬಂದದ್ದು ಮನೆಗೆ ಅಂತ ನೇರವಾಗೇ ಇದೆ. ಎಷ್ಟು ಜನ ಬಂದ್ರು ಅಂತ ಇಲ್ಲ, ಮೂರು ಅನ್ನೋದು ಕಾಣಿಕೆಗಳ ಲೆಕ್ಕದಿಂದ ನಾವು ಮಾಡಿಕೊಂಡದ್ದು. ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಈ ಭಾಗದಲ್ಲಿ ಯಾರು ಯಾರಿಗೆ ಬಾಗಿಲು ತೆಗೆದ್ರು? ಐದು ವರ್ಷದ ಮಗುವೂ ಉತ್ತರ ಹೇಳುತ್ತೆ.

ಮನೆಯವರು ಇನ್ನೂ ವಿಶ್ವಾಸಕ್ಕೆ ಬಂದಿಲ್ಲ, ನೀವೊಬ್ಬರೇ ವಿಶ್ವಾಸಿಗಳು ಅಂತಿರೋರು ಇಲ್ಲಿ ಬಹಳ ಜನ ಇದ್ದೀರಿ. ನಿಮಗೆ ಲೂಕ 2:19. ಮರಿಯಳು ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಕೊಂಡು ಯೋಚಿಸ್ತಿದ್ದಳು. ಎಲ್ಲ ಸತ್ಯವನ್ನೂ ಊಟದ ಹೊತ್ತಲ್ಲಿ ಅಮ್ಮನ ಮೇಲೆ ಎಸೀಬೇಕಾಗಿಲ್ಲ. ಹಬ್ಬದ ದಿನ ಅಮ್ಮನಿಗೆ ಪಾತ್ರೆ ತೊಳೆದುಕೊಡಿ. ಅವರಾಗಿಯೇ "ಇದೇನೋ ನಿಮ್ಮ ಹಬ್ಬ?" ಅಂತ ಕೇಳಿದ ದಿನ ಓದಿ ಹೇಳಿ.

ನೈಟ್ ಶಿಫ್ಟ್‌ನವರು, 24ರ ರಾತ್ರಿ ಲೀವ್ ಸಿಗಲಿಲ್ಲ, ಆರಾಧನೆ ತಪ್ಪಿಹೋಗುತ್ತೆ ಅಂತ ಬೇಜಾರಲ್ಲಿದ್ದೀರಿ. ಎಂಟನೇ ವಚನ ನಿಮ್ಮದು. ಆ ರಾತ್ರಿ ದೇವದೂತರ ಹಾಡು ಕೇಳಿಸಿದ್ದು ಕೆಲಸದಲ್ಲಿದ್ದವರಿಗೆ, ಊರೆಲ್ಲ ಮಲಗಿತ್ತು. ಇಪ್ಪತ್ತನೇ ವಚನದಲ್ಲಿ ಅವರು ವಾಪಸ್ ಹೋದ್ರು ಅಂತಿದೆ, ಅದೇ ಕುರಿಗಳ ಹತ್ರ. ಕ್ಯಾಬ್‌ನಲ್ಲಿ ಕೂತು ಆ ಹದಿಮೂರು ವಚನ ಓದಿ, ಡ್ರೈವರ್ ಅಣ್ಣನಿಗೂ ಒಂದು ಕೇಕ್ ತುಂಡು ಇಟ್ಕೊಂಡಿರಿ.

ಪಿಜಿಯಲ್ಲಿರೋರು, ಊರಿಗೆ ಹೋಗೋಕೆ ಟಿಕೆಟ್ ಸಿಗದವರು, 25ರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬನ್ನಿ. ನಮ್ಮದೂ ಒಂದು ಬೆಡ್‌ರೂಮೇ. ಕಳೆದ ವರ್ಷ ಹದಿನಾಲ್ಕು ಜನ ಆಗಿದ್ರು, ನಾಲ್ಕು ಜನ ಮೆಟ್ಟಿಲ ಮೇಲೆ ಕೂತು ಉಂಡರು. ತಟ್ಟೆ ಕಮ್ಮಿ ಬೀಳುತ್ತೆ, ಒಂದೊಂದು ತನ್ನಿ.

ಈಗ ಎದ್ದು ನಿಲ್ಲೋಣ. ಕೀಬೋರ್ಡ್ ಬೇಡ ತಮ್ಮ, ಹಾಗೇ ಇರಲಿ. ಆ ಅಕ್ಕನಿಗೋಸ್ಕರ, ಆ ಕೂಸಿಗೋಸ್ಕರ, ಆ ತಂದೆಗೋಸ್ಕರ ಮೊದಲು ಪ್ರಾರ್ಥಿಸೋಣ. ಇದೇ ಪರಿಸ್ಥಿತಿಯಲ್ಲಿ ಇಲ್ಲೇ ಕೂತಿರೋ ಯಾರಾದ್ರೂ ಇದ್ರೆ, ಕೈ ಎತ್ತಬೇಕಾಗಿಲ್ಲ, ಮುಂದೆ ಬರಬೇಕಾಗಿಲ್ಲ. ಕೂಟ ಮುಗಿದ ಮೇಲೆ ಅಕ್ಕಂದಿರು ಬಾಗಿಲ ಹತ್ರ ಚಹಾ ಕೊಡ್ತಿರ್ತಾರೆ, ಅವರ ಹತ್ರ ಹೋಗಿ ನಿಂತ್ಕೊಳ್ಳಿ ಸಾಕು.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ...